ತಾರಸಿ ತೋಟ: ನೀರಿನ ಲೆಕ್ಕ, ಭಾರದ ಲೆಕ್ಕ

2024ರ ಮಾರ್ಚ್‌ನಲ್ಲಿ, ಕೊಳವೆಬಾವಿಗಳು ಒಣಗಿ ಟ್ಯಾಂಕರ್ ನೀರಿನ ದರ ಏರಿದ್ದ ದಿನಗಳಲ್ಲಿ, ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ವಾಹನ ತೊಳೆಯಲು, ಕಟ್ಟಡ ನಿರ್ಮಾಣಕ್ಕೆ ಹಾಗೂ ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿತು. ತಪ್ಪಿದರೆ 5,000 ರೂಪಾಯಿ ದಂಡ. 2025ರ ಫೆಬ್ರುವರಿಯಲ್ಲಿ ಇಂಥದೇ ಆದೇಶ ಮತ್ತೆ ಹೊರಬಿತ್ತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಎತ್ತಿ ತರುವ ನಗರಕ್ಕೆ ಇಂಥ ನಿರ್ಬಂಧ ಅನಿವಾರ್ಯವೆಂಬುದನ್ನು ಒಪ್ಪೋಣ. ಆದರೆ ಹುಲ್ಲುಹಾಸಿಗೆ ಗಂಟೆಗಟ್ಟಲೆ ನೀರು ಹಾಯಿಸುವವರನ್ನೂ ತಾರಸಿಯಲ್ಲಿ ನಾಲ್ಕು ಮಡಿ ದಂಟುಸೊಪ್ಪು ಬೆಳೆಯುವವರನ್ನೂ ಆ ಆದೇಶ ಒಂದೇ ತಕ್ಕಡಿಯಲ್ಲಿ ತೂಗಿತು.

ತಾರಸಿ ತೋಟಗಾರರು ನಿರ್ದೋಷಿಗಳೆಂದು ನಾನು ವಾದಿಸುತ್ತಿಲ್ಲ. ಕುಂಡಕ್ಕೆ ಸುರಿದ ನೀರಿನಲ್ಲಿ ಒಂದು ಪಾಲು ತಳದ ರಂಧ್ರದಿಂದ ಸೋರಿ ಚರಂಡಿ ಸೇರುತ್ತದೆ, ಇನ್ನೊಂದು ಪಾಲು ಕಾದ ಮೇಲ್ಮಣ್ಣಿನಿಂದ ಆವಿಯಾಗುತ್ತದೆ. ಗೃಹಬಳಕೆಯ ಮೊದಲ ಎಂಟು ಸಾವಿರ ಲೀಟರ್‌ವರೆಗೆ ಸಾವಿರ ಲೀಟರ್‌ಗೆ ಏಳೇ ರೂಪಾಯಿ ಎಂಬ ದರ 2014ರಿಂದ 2025ರ ಪರಿಷ್ಕರಣೆಯವರೆಗೂ ಕದಲದೆ ನಿಂತಿತ್ತು. ಅಷ್ಟು ಅಗ್ಗವಾದ ವಸ್ತುವನ್ನು ಉಳಿಸುವ ವಿಧಾನ ಹುಡುಕಲು ಯಾರಿಗೆ ತಾನೇ ಆಸಕ್ತಿ ಇದ್ದೀತು?

ವಿಧಾನವಂತೂ ಇದೆ. ಆಸ್ಟ್ರೇಲಿಯಾದ ಎಂಜಿನಿಯರ್ ಕಾಲಿನ್ ಆಸ್ಟಿನ್ ರೂಪಿಸಿದ 'ವಿಕಿಂಗ್ ಬೆಡ್' ಅಲ್ಲಿನ ಮನೆ ಹಿತ್ತಿಲುಗಳಲ್ಲಿ ಸಾಕಷ್ಟು ಪ್ರಚಾರ ಪಡೆದಿದೆ. ನಾವು ಇದನ್ನು ಬತ್ತಿಮಡಿ ಎನ್ನಬಹುದು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವ ತತ್ತ್ವವೇ ಇಲ್ಲಿಯದೂ. ನೀರು ಸೋರದ ತೊಟ್ಟಿಯ ತಳದಲ್ಲಿ ಒಂದು ಜಲಾಶಯ, ಅದರ ಮೇಲೆ ಮಣ್ಣು. ನೀರನ್ನು ನಿಲುಗೊಳವೆಯ ಮೂಲಕ ತಳಕ್ಕೇ ಇಳಿಸುತ್ತೇವೆ. ಬೇರಿಗೆ ಬೇಕಾದಷ್ಟು ಮೇಲೇರುತ್ತದೆ. ಕೋಯಿಕ್ಕೋಡಿನ ಜಲಸಂಪನ್ಮೂಲ ಕೇಂದ್ರವು ಬೆಳೆಚೀಲಗಳಿಗೆ ಬತ್ತಿ ನೀರಾವರಿಯನ್ನು ಬಳಕೆಗೆ ತಂದಿರುವುದರಿಂದ ನೆರೆಯ ಕೇರಳಕ್ಕೂ ಈ ತತ್ತ್ವ ಹೊಸದಲ್ಲ.

ಕಟ್ಟುವುದು ಸುಲಭ, ಕೆಡಿಸುವುದು ಇನ್ನೂ ಸುಲಭ. ನನ್ನ ಮೊದಲ ಮಡಿಗೆ ಕಾಂಕ್ರೀಟಿನ ಇಪ್ಪತ್ತು ಮಿಲಿಮೀಟರ್ ಜಲ್ಲಿ ತುಂಬಿದ್ದೆ. ತಳದಲ್ಲಿ ನೀರು ತುಂಬಿದ್ದರೂ ಬದನೆ ಸಸಿಗಳು ಬಾಡಿದವು. ದಪ್ಪ ಜಲ್ಲಿಯ ಸಂದುಗಳಲ್ಲಿ ನೀರು ಮೇಲೇರುವುದಿಲ್ಲ. ಮರಳಿನ ಸೂಕ್ಷ್ಮ ಸಂದುಗಳಲ್ಲಿ ಏರುತ್ತದೆ. ಈಗ ಇನ್ನೂರು ಲೀಟರಿನ ನೀಲಿ ಡ್ರಮ್ಮನ್ನು ಅಡ್ಡಲಾಗಿ ಎರಡು ಹೋಳು ಮಾಡಿ, ತಳದ ಹದಿನೈದು ಸೆಂಟಿಮೀಟರಿನಲ್ಲಿ ತೂತು ಕೊರೆದ ಖಾಲಿ ಬಾಟಲಿಗಳನ್ನಿಟ್ಟು, ನಡುವೆ ಮರಳು ತುಂಬುತ್ತೇನೆ. ಅದೇ ಎತ್ತರದಲ್ಲಿ ಹೆಚ್ಚುವರಿ ನೀರು ಹೊರಹೋಗಲು ಒಂದು ರಂಧ್ರ. ಅದಿಲ್ಲದಿದ್ದರೆ ಮೊದಲ ಮಳೆಗೇ ಬೇರು ಕೊಳೆಯುತ್ತದೆ. ಮೇಲೆ ನೆರಳುಪರದೆಯ ತುಂಡು ಹಾಸಿ, ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರದ ಮಿಶ್ರಣ; ಅದು ಮೂವತ್ತು ಸೆಂಟಿಮೀಟರಿಗಿಂತ ದಪ್ಪವಾದರೆ ಮೇಲ್ಪದರಕ್ಕೆ ತೇವ ತಲುಪುವುದಿಲ್ಲ. ಅರ್ಧ ಡ್ರಮ್ಮಿನ ಜಲಾಶಯ ಹಿಡಿಯುವ ಸುಮಾರು 25 ಲೀಟರ್ ನೀರು ಬೇಸಿಗೆಯಲ್ಲೂ ವಾರವೊಂದನ್ನು ದಾಟಿಸುತ್ತದೆ.

ನಿರ್ವಹಣೆಯಲ್ಲಿ ಮರೆಯಬಾರದ ಸಂಗತಿ ಉಪ್ಪು. ನೀರು ಸದಾ ಮೇಲ್ಮುಖವಾಗಿಯೇ ಚಲಿಸುವುದರಿಂದ ಲವಣಗಳು ಮೇಲ್ಮಣ್ಣಿನಲ್ಲಿ ಉಳಿಯುತ್ತವೆ. ಕೊಳವೆಬಾವಿಯ ಗಡಸು ನೀರಾದರೆ ಬಿಳಿಯ ಪೊರೆಯೇ ಕಾಣುತ್ತದೆ. ಮಳೆಗಾಲ ಅದನ್ನು ತೊಳೆಯುತ್ತದೆ, ಬೇಸಿಗೆಯಲ್ಲಿ ಒಮ್ಮೆ ನಾವೇ ಮೇಲಿನಿಂದ ಧಾರಾಳವಾಗಿ ನೀರು ಹಾಯಿಸಬೇಕು. ಶುದ್ಧೀಕರಣ ಯಂತ್ರ ಹೊರಬಿಡುವ ನೀರು ಈ ಕಾರಣಕ್ಕಾಗಿಯೇ ಸಲ್ಲದು. ಅಕ್ಕಿ ತೊಳೆದ ನೀರನ್ನು ಕೊಳವೆಗೆ ಸುರಿದರೆ ತಳದಲ್ಲಿ ಹುಳಿತು ನಾರುತ್ತದೆ. ಅದನ್ನು ಮಣ್ಣಿನ ಮೇಲೆಯೇ ಚೆಲ್ಲಬೇಕು. ಬೀಜ ಬಿತ್ತಿದಾಗಲೂ ಬೇರು ಇಳಿಯುವವರೆಗೆ ಮೇಲಿನಿಂದಲೇ ನೀರು ಚಿಮುಕಿಸಬೇಕು. ನಿಲುಗೊಳವೆಗೆ ಮುಚ್ಚಳ, ಹೊರಹರಿವಿನ ರಂಧ್ರಕ್ಕೆ ಸಣ್ಣ ಜಾಲರಿ ಕಡ್ಡಾಯ. ರಾಜ್ಯ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಗೊಟ್ಟವರಿಗೆ ದಂಡ ಗೊತ್ತುಪಡಿಸಿದೆ.

ಇವೆಲ್ಲಕ್ಕಿಂತ ಗಂಭೀರವಾದದ್ದು ಭಾರದ ಪ್ರಶ್ನೆ. ಆಸ್ಟ್ರೇಲಿಯಾದ ಮಡಿ ನೆಲದ ಮೇಲಿದೆ. ನಮ್ಮದು ಮಲಗುವ ಕೋಣೆಯ ನೆತ್ತಿಯ ಮೇಲೆ. ಮೂವತ್ತು ಸೆಂಟಿಮೀಟರ್ ಒದ್ದೆ ತೋಟದ ಮಣ್ಣು, ಅದರಡಿ ಹದಿನೈದು ಸೆಂಟಿಮೀಟರ್ ಜಲ್ಲಿ ಮತ್ತು ನೀರು ಎಂದರೆ ಚದರ ಮೀಟರಿಗೆ 700 ಕಿಲೋಗ್ರಾಮಿಗೂ ಮಿಕ್ಕೀತು. ಓಡಾಡುವ ತಾರಸಿಗೆ ಭಾರತೀಯ ಮಾನಕ 875 ಹೇಳುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಂ ಮಾತ್ರ. ನಾನು ಹೇಳಿದ ಹಗುರ ಮಿಶ್ರಣದ ಅರ್ಧ ಡ್ರಮ್ ಕೂಡ ನೂರು ಕಿಲೋ ದಾಟುತ್ತದೆ. ಅವನ್ನು ತಾರಸಿಯ ನಡುವೆ ಒತ್ತೊತ್ತಾಗಿ ಇಡಲಾಗದು. ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ, ಅಂತರ ಬಿಟ್ಟು ಇಡಬೇಕು. ಹಳೆಯ ಮನೆಯಾದರೆ ಎಂಜಿನಿಯರ್ ನೋಡಿ ಒಪ್ಪಿದ ಮೇಲೆಯೇ.

ಈ ಲೆಕ್ಕವನ್ನು ಮನೆಯೊಡೆಯನಿಗೆ ತಿಳಿಸುವವರು ಯಾರು? ಸ್ವಾಧೀನಾನುಭವ ಪ್ರಮಾಣಪತ್ರದಲ್ಲಿ ತಾರಸಿಯ ಹೊರೆಮಿತಿಯನ್ನು ಒಂದು ಸಾಲಿನಲ್ಲಿ ನಮೂದಿಸಲು ಪಾಲಿಕೆಗಳಿಗೆ ಹೊಸ ಕಾನೂನೇನೂ ಬೇಕಾಗಲಾರದು. ಜಲಮಂಡಳಿಯೂ ಮುಂದಿನ ಬೇಸಿಗೆಯ ಆದೇಶ ಬರೆಯುವಾಗ, ನೀರು ಚರಂಡಿಗೆ ಹರಿಯದಂತೆ ಕಟ್ಟಿದ ತರಕಾರಿ ಮಡಿಗಳಿಗೆ ವಿನಾಯಿತಿ ನೀಡಲಿ. ಸಂಸ್ಕರಿಸಿದ ಕೊಳಚೆ ನೀರನ್ನು ಉದ್ಯಾನಗಳಿಗೆ ಬಳಸಿ ಎಂಬ ಅದರ ಸಲಹೆ ಹುಲ್ಲುಹಾಸಿಗೆ ಸರಿಯೇ. ಹಸಿಯಾಗಿ ತಿನ್ನುವ ಕೊತ್ತಂಬರಿಗೆ ಅದನ್ನು ಹಾಕಲು ಯಾವ ಮನೆಯವರೂ ಒಪ್ಪುವುದಿಲ್ಲ.