ಹರೆಯದ ಮಕ್ಕಳೂ ಕ್ರೈಸ್ತ ಹೆತ್ತವರೂ



ವಾರ್ಷಿಕ ಸಂಚಿಕೆಯ ಉಪದೇಶವೆಲ್ಲವೂ ನಿಮಗೇ ಮೀಸಲೆಂಬುದು ರೂಢಿ. ಈ ಸಲ ನಿಮ್ಮ ಹೆತ್ತವರಿಗಾಗಿ ನಾಲ್ಕು ಮಾತು ಬರೆದಿದ್ದೇನೆ. ನೀವು ಓದಿ, ಬಳಿಕ ಮನೆಯಲ್ಲಿಯೂ ಓದಿ ಹೇಳಿರಿ.

ಧಾರವಾಡ, ಬೆಟಗೇರಿ, ಉಡುಪಿಗಳ ಕಡೆಯಿಂದ ಉದ್ಯೋಗವನ್ನರಸಿ ಬಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡ ಕ್ರೈಸ್ತ ಕುಟುಂಬಗಳಲ್ಲಿ ನಮ್ಮದೂ ಒಂದು. ಈ ಮನೆಗಳ ಎಷ್ಟೋ ತಂದೆಯರು ನಸುಕಿನ ಲೋಕಲ್ ಗಾಡಿಗೆ ಹೊರಟರೆ, ಮರಳುವ ವೇಳೆಗೆ ಮಕ್ಕಳು ನಿದ್ದೆಹೋಗಿರುತ್ತಾರೆ. ಎಲ್ಲರೂ ಕೂಡುವ ದಿನ ಭಾನುವಾರವೊಂದೇ. ಅಂದಿನ ಕನ್ನಡ ಆರಾಧನೆಗೆ ಹದಿನಾಲ್ಕರ ಮಗನು 'ನಾನು ಬರುವುದಿಲ್ಲ' ಎಂದನೋ, ಹೆತ್ತವರಿಗೆ ಆಕಾಶವೇ ಕಳಚಿಬಿದ್ದಂತಾಗುತ್ತದೆ. ಪಟ್ಟಣವು ಕೆಡಿಸಿತು, ಗೆಳೆಯರು ಕೆಡಿಸಿದರು, ಮೊಬೈಲು ಕೆಡಿಸಿತು ಎಂದು ತೀರ್ಪು ಹೊರಡುತ್ತದೆ. ಕಾರಣವನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇಂಥ ಒಬ್ಬ ಹುಡುಗನ ತಂದೆ ನನ್ನ ಬಳಿಗೆ ಬಂದು, "ಮಾಸ್ತರರೇ, ನಾಲ್ಕು ಬಿಗಿದು ಬುದ್ಧಿ ಹೇಳಿರಿ" ಎಂದರು. ನಾನೂ ಗದರಿದೆ, ಹುಡುಗ ತಲೆ ತಗ್ಗಿಸಿ ನಿಂತ. ಕೆಲವು ದಿನಗಳ ಬಳಿಕ ಒಬ್ಬನೇ ಸಿಕ್ಕಾಗ ಮೆಲ್ಲನೆ ಕೇಳಿದೆ. "ಸರ್, ದೇವಾಲಯದ ಬಾಗಿಲಲ್ಲಿ ಎಲ್ಲರೂ ಗಣಿತದಲ್ಲಿ ಎಷ್ಟು ಅಂಕ ಬಂತೆಂದು ಕೇಳುತ್ತಾರೆ. ಅಪ್ಪ ಮುಖ ತಗ್ಗಿಸುತ್ತಾರೆ. ಅದನ್ನು ನೋಡಲಾರೆ" ಎಂದ. ಹಾಗೆ ಕೇಳುತ್ತಿದ್ದವರಲ್ಲಿ ನಾನೂ ಒಬ್ಬನಾಗಿದ್ದೆ! ಅವನಿಗೆ ದೇವರಲ್ಲಿ ಬೇಸರವಿರಲಿಲ್ಲ. ಅವನು ನಮ್ಮ ನಾಲಗೆಗೆ ಅಂಜಿದ್ದ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಲೂಕನ ಸುವಾರ್ತೆಯ 2ನೆಯ ಅಧ್ಯಾಯವನ್ನು ನಮ್ಮ ಹೆತ್ತವರು ಎಷ್ಟೋ ಸಲ ಓದಿದ್ದಾರೆ. ಹನ್ನೆರಡು ವರ್ಷದ ಯೇಸುವು ಪಸ್ಕಹಬ್ಬ ಮುಗಿದ ಮೇಲೆ, ಹೆತ್ತವರಿಗೆ ತಿಳಿಯದಂತೆ ಯೆರೂಸಲೇಮಿನಲ್ಲಿಯೇ ಉಳಿದನು. ಮೂರು ದಿನಗಳ ಮೇಲೆ ದೇವಾಲಯದಲ್ಲಿ ಕಂಡಾಗ ಮರಿಯಳು ಹೀಗೇಕೆ ಮಾಡಿದೆಯೆಂದು ಕೇಳಿದಳು. ತಾವು ಪಟ್ಟ ಕಳವಳವನ್ನೂ ಮುಚ್ಚಿಡಲಿಲ್ಲ. ಬಂದ ಉತ್ತರವು ಹೆತ್ತವರಿಗೆ ಅರ್ಥವಾಗಲಿಲ್ಲ. ಆದರೂ ತಾಯಿ ಅದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡಳು. ಮಗನು ಅವರೊಡನೆ ನಜರೇತಿಗೆ ಮರಳಿ ವಿಧೇಯನಾಗಿ ನಡೆದನು. ಮೊದಲು ಪ್ರಶ್ನೆ, ಆಮೇಲೆ ತಾಳ್ಮೆ, ಕೊನೆಗೆ ವಿಧೇಯತೆ. ನಾವಾದರೋ ವಿಧೇಯತೆಯಿಂದಲೇ ಆರಂಭಿಸುತ್ತೇವೆ.

ದೈವಭಕ್ತರಾದ ಹೆತ್ತವರೂ ಇಲ್ಲಿ ಎಡವುವುದುಂಟು. 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಶನ್ನಿನ ಸೇವೆಗೆಂದು ಮುಂದೆ ನಮ್ಮ ಪಶ್ಚಿಮ ಕರಾವಳಿಗೆ ಬಂದಿದ್ದವರು ಯೋಹಾನ್ನೆಸ್ ಹೆಸ್ಸೆ. ಜರ್ಮನಿಗೆ ಮರಳಿದ ಮೇಲೆ ಹುಟ್ಟಿದ ಅವರ ಮಗ ಹರ್ಮನ್ ಹೆಸ್ಸೆ 1892ರ ಮಾರ್ಚಿನಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಮೌಲ್‌ಬ್ರೊನ್ನಿನ ಧರ್ಮಪಾಠಶಾಲೆಯಿಂದ ಓಡಿಹೋದ. ದಿಗಿಲುಗೊಂಡ ಹೆತ್ತವರು ಬಳಿಕ ಅವನನ್ನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಕಳುಹಿಸಿದರು. ಅವನು ಮನೆಗೆ ಕಹಿಯಾದ ಪತ್ರಗಳನ್ನು ಬರೆದ. ಶಾಲೆ ಬಿಟ್ಟು ಬಂದವನನ್ನು ಗದರದೆ ನಗುತ್ತ ಮಾತಾಡಿಸಿದವರು ಅಜ್ಜ ಹರ್ಮನ್ ಗುಂಡರ್ಟ್, ಮಲೆಯಾಳ ನಿಘಂಟನ್ನು ರಚಿಸಿದ ವಿದ್ವಾಂಸರು. 1946ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಆ ಮೊಮ್ಮಗ, ಅಜ್ಜನ ಆ ನಗೆಯನ್ನು ಮರೆಯಲಿಲ್ಲ.

ಹಾಗೆಂದ ಮಾತ್ರಕ್ಕೆ ಮಕ್ಕಳು ಹೇಳಿದ್ದಕ್ಕೆಲ್ಲ ಹೂಂಗುಟ್ಟಬೇಕೆಂದಲ್ಲ. ರಾತ್ರಿ ಯಾವ ಹೊತ್ತಿಗೆ ಮನೆ ಸೇರಬೇಕು, ಮೊಬೈಲನ್ನು ಯಾವಾಗ ಕೆಳಗಿಡಬೇಕು ಎಂಬುದಕ್ಕೆ ನಿಯಮ ಇರಲೇಬೇಕು. ಕಾರಣ ತಿಳಿಸಿ ಹಾಕಿದ ನಿಯಮವು ನಿಲ್ಲುತ್ತದೆ. ಆದರೆ ಮನೆಯ ಪ್ರಾರ್ಥನೆಯಲ್ಲಿ ಮಗನ ತಪ್ಪನ್ನು ದೇವರಿಗೆ ಒಪ್ಪಿಸುವ ನೆಪದಿಂದ ಮಗನನ್ನೇ ಬೈಯುವುದನ್ನು ಬಿಡಬೇಕು. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಮಕ್ಕಳಿಗೆ ವಿಧೇಯತೆಯನ್ನು ವಿಧಿಸಿದ ಬೆನ್ನಿಗೇ, ಮಕ್ಕಳನ್ನು ಕೆರಳಿಸಬಾರದೆಂದು ತಂದೆಗಳಿಗೂ ಹೇಳಿದ್ದಾನೆ. ಎರಡನ್ನೂ ಕೂಡಿಯೇ ಓದಬೇಕು.

ಇನ್ನು ನಿಮಗೊಂದು ಮಾತು. ನಿಮ್ಮ ಮೌನವನ್ನು ಓದುವ ವಿದ್ಯೆ ಹೆತ್ತವರಿಗೆ ತಿಳಿಯದು. ಗಾಡಿಯ ನೂಕುನುಗ್ಗಲಿನಲ್ಲಿ ಬೆಂದು ಬಂದವರು ಊಹಿಸಿ ತಿಳಿಯಲೆಂದು ಕಾಯಬೇಡಿರಿ, ಬಾಯಿಬಿಟ್ಟು ಹೇಳಿರಿ. ಈ ಮಾತು ಯಾವ ಮತದ ಮನೆಗಾದರೂ ಸಲ್ಲುತ್ತದೆ.

ಆ ತಂದೆ ಒಂದು ಸಂಜೆ ಮಗನೊಡನೆ ಕುಳಿತು ಮಾತಾಡಿದರು. ಹುಡುಗ ಈಗ ಆರಾಧನೆಗೆ ಬರುತ್ತಿದ್ದಾನೆ. ಗಣಿತವು ಅವನಿಗೆ ಇನ್ನೂ ಕಷ್ಟವೇ. ನಾನು ಮಾತ್ರ ಬಾಗಿಲಲ್ಲಿ ಅಂಕ ಕೇಳುವುದನ್ನು ಬಿಟ್ಟಿದ್ದೇನೆ.