ಬಳಸುವವರನ್ನು ಕೇಳಿದಿರಾ?

ಮನೆ ಕಟ್ಟಿಸುವಾಗ ನಕ್ಷೆಯನ್ನು ಒಪ್ಪುವವರು ಯಜಮಾನರು. ಹಣ ತೆರುವವರೂ ಅವರೇ. ಆದರೆ ಅಡುಗೆಮನೆಯ ಗೂಡು ಕೈಗೆಟುಕುತ್ತದೆಯೇ, ಒಲೆಯ ಮೇಲೆ ಬೆಳಕು ಬೀಳುತ್ತದೆಯೇ ಎಂಬುದನ್ನು ಬಲ್ಲವರು ದಿನವೂ ಅಲ್ಲಿ ನಿಂತು ಬೇಯಿಸುವವರು. ಅವರನ್ನು ಕೇಳದೆ ಕಟ್ಟಿದ ಅಡುಗೆಮನೆ ನೋಡುವುದಕ್ಕೆ ಎಷ್ಟೇ ಅಂದವಾಗಿರಲಿ, ಅದರ ಪಾಡು ಪಡುವವರು ಅವರೇ.

ಬ್ಯಾಂಕು, ಆಸ್ಪತ್ರೆ, ಕಾರ್ಖಾನೆಗಳು ತಮ್ಮ ವ್ಯವಹಾರಕ್ಕಾಗಿ ಕೊಳ್ಳುವ ದೊಡ್ಡ ಸಾಫ್ಟ್‌ವೇರ್‌ಗಳ ಸಂಗತಿಯೂ ಹೀಗೆಯೇ. ನಮ್ಮ ಕೈಯ ಫೋನಿನಲ್ಲಿ ಒಂದು ಆ್ಯಪ್ ಒಗ್ಗದಿದ್ದರೆ ನಾವು ಅದನ್ನು ಆ ಕ್ಷಣವೇ ಅಳಿಸಿಬಿಡುತ್ತೇವೆ. ಕಚೇರಿಯ ಗುಮಾಸ್ತರಿಗೆ ಆ ಸ್ವಾತಂತ್ರ್ಯವೆಲ್ಲಿ? ಆರಿಸುವವರು ಮೇಲಧಿಕಾರಿಗಳು; ಅದರೊಡನೆ ಹೆಣಗುವವರು ಬೇರೆಯವರು.

ಇದರ ಫಲವೇನೆಂಬುದಕ್ಕೆ ಒಂದು ನಿದರ್ಶನವುಂಟು. ಅಮೆರಿಕದ ಸಿಟಿಬ್ಯಾಂಕು 2020ರ ಆಗಸ್ಟ್ 11ರಂದು ರೆವ್ಲಾನ್ ಎಂಬ ಸೌಂದರ್ಯಸಾಧನಗಳ ಕಂಪೆನಿಯ ಪರವಾಗಿ, ಅದಕ್ಕೆ ಸಾಲ ಕೊಟ್ಟಿದ್ದವರಿಗೆ ಸುಮಾರು 78 ಲಕ್ಷ ಡಾಲರು ಬಡ್ಡಿಯನ್ನು ಕಳುಹಿಸಬೇಕಾಗಿತ್ತು. ಬಡ್ಡಿಯೊಡನೆ ಅಸಲೂ ಹೊರಟುಹೋಯಿತು. ಒಟ್ಟು ಸುಮಾರು 90 ಕೋಟಿ ಡಾಲರು!

ಆ ಬ್ಯಾಂಕು ಬಳಸುತ್ತಿದ್ದುದು ಫ್ಲೆಕ್ಸ್‌ಕ್ಯೂಬ್ ಎಂಬ ಸಾಫ್ಟ್‌ವೇರನ್ನು. ಅಸಲು ಹೊರಗೆ ಹೋಗದೆ ಬ್ಯಾಂಕಿನ ಒಳಖಾತೆಯಲ್ಲಿಯೇ ನಿಲ್ಲಬೇಕಾದರೆ ಪರದೆಯ ಮೇಲೆ ‘ಪ್ರಿನ್ಸಿಪಲ್’, ‘ಫ್ರಂಟ್’, ‘ಫಂಡ್’ ಎಂಬ ಮೂರು ಕಡೆಗಳಲ್ಲಿ ಆ ಖಾತೆಯನ್ನು ಸೂಚಿಸಬೇಕಾಗಿತ್ತು. ‘ಪ್ರಿನ್ಸಿಪಲ್’ ಎಂದರೆ ಅಸಲು ತಾನೆ? ಅದೊಂದೇ ಸಾಕೆಂದು ನಮೂದಿಸಿದವರು ಬಗೆದರು, ಪರಿಶೀಲಿಸಿದವರೂ ಬಗೆದರು, ಕೊನೆಯ ಒಪ್ಪಿಗೆ ಕೊಟ್ಟ ಅಧಿಕಾರಿಯೂ ಬಗೆದರು. ಯಂತ್ರ ಎಚ್ಚರಿಸಲಿಲ್ಲವೆಂದಲ್ಲ. ಹಣ ಬ್ಯಾಂಕಿನಿಂದ ಹೊರಗೆ ಹೋಗುವುದೆಂದು ತಿಳಿಸಿತು. ಎಷ್ಟು ಹಣ, ಅಸಲೋ ಬಡ್ಡಿಯೋ ಎಂಬುದನ್ನು ಮಾತ್ರ ತಿಳಿಸಲಿಲ್ಲ. ಬಡ್ಡಿಯಂತೂ ಹೋಗಬೇಕಾದದ್ದೇ, ಹೀಗಿರುವಾಗ ಆ ಎಚ್ಚರಿಕೆಯನ್ನು ಕಂಡು ಯಾರು ತಾನೆ ಬೆಚ್ಚಿಯಾರು?

ಸುಮಾರು 50 ಕೋಟಿ ಡಾಲರನ್ನು ಪಡೆದವರು ಹಿಂತಿರುಗಿಸಲೊಪ್ಪಲಿಲ್ಲ. 2021ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವರ ಪರವಾಗಿಯೇ ತೀರ್ಪಿತ್ತಿತು. 2022ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿದ ಮೇಲೆಯೇ ಬ್ಯಾಂಕಿಗೆ ಉಸಿರು ಬಂದದ್ದು.

ಒಬ್ಬರು ತಪ್ಪಿದರೆ ಅಜಾಗರೂಕತೆಯೆನ್ನಬಹುದು. ಮೂವರೂ ಒಂದೇ ರೀತಿಯಲ್ಲಿ ತಪ್ಪಿದರೆ ದೋಷವನ್ನು ಪರದೆಯಲ್ಲಿಯೇ ಹುಡುಕಬೇಡವೇ?

ಇದಕ್ಕೆ ಮದ್ದು ಹೊಸದೇನೂ ಅಲ್ಲ. ಜಾನ್ ಗೌಲ್ಡ್, ಕ್ಲೇಟನ್ ಲೂಯಿಸ್ ಎಂಬಿಬ್ಬರು ಸಂಶೋಧಕರು 1985ರಷ್ಟು ಹಿಂದೆಯೇ ಮೂರು ಸೂತ್ರಗಳನ್ನು ಹೇಳಿದರು: ಬಳಸುವವರನ್ನೂ ಅವರ ಕೆಲಸವನ್ನೂ ಮೊದಲಿನಿಂದಲೇ ಅರಿಯಬೇಕು, ಮಾದರಿಯೊಂದನ್ನು ಅವರ ಕೈಗಿತ್ತು, ಎಲ್ಲಿ ತಡವರಿಸುತ್ತಾರೆಂದು ಅಳೆದು ನೋಡಬೇಕು, ತಿದ್ದಿ ಮತ್ತೆ ಪರೀಕ್ಷಿಸಬೇಕು. ಕಲಿಸಿಕೊಡುವುದಕ್ಕೆ ದಪ್ಪ ಕೈಪಿಡಿಯಿದೆಯಲ್ಲ ಎನ್ನುವವರುಂಟು. ಅವಸರದ ಸಂಜೆಯಲ್ಲಿ ಕೈಪಿಡಿಯನ್ನು ತೆರೆಯುವವರಾರು?

ಇಂಥ ಸಾಫ್ಟ್‌ವೇರ್ ಬರೆಯುವ ಮಕ್ಕಳು ಬೆಂಗಳೂರಿನ ಎಷ್ಟೋ ಮನೆಗಳಲ್ಲಿದ್ದಾರೆ. ವಾಚಕರಲ್ಲಿ ಅವರ ತಂದೆತಾಯಿಗಳಿದ್ದರೆ ಊಟದ ಹೊತ್ತಿನಲ್ಲಿ ಒಂದು ಮಾತು ಕೇಳಿ ನೋಡಬಹುದು: “ನೀನು ಮಾಡಿದ್ದನ್ನು ದಿನವೆಲ್ಲ ಬಳಸುವವರ ಪಕ್ಕದಲ್ಲಿ ಎಂದಾದರೂ ಕುಳಿತು ನೋಡಿದ್ದೀಯೇನಪ್ಪಾ?” ಇಲ್ಲವೆಂದರೆ ಒಂದು ದಿನ ರಜೆ ಹಾಕಿಯಾದರೂ ಹೋಗಿ ಬರಲೆನ್ನಿ. ತಿಂಗಳುಗಟ್ಟಲೆ ಸಭೆ ಸೇರಿದರೂ ತಿಳಿಯದ ಸಂಗತಿಗಳು ಅಲ್ಲಿ ಒಂದು ಗಂಟೆಯಲ್ಲಿ ತಿಳಿದಾವು.