ಕಪಾಟಿನೊಳಗಿನ ಕಿಟ್ಟು, ಕನ್ನಡ ಶಾಲೆಯ ಮಕ್ಕಳು



ನಮ್ಮ ಮನೆಗಳಲ್ಲಿ ಒಂದು ಮಾತು ವೇದವಾಕ್ಯದಂತೆ ಚಲಾವಣೆಯಲ್ಲಿದೆ: "ಕನ್ನಡ ಮನಿಯೊಳಗ ಇರಲಿ ಸರ್, ಕಂಪ್ಯೂಟರ್, ಇಲೆಕ್ಟ್ರಾನಿಕ್ಸ್ ಅಂದ್ರ ಇಂಗ್ಲಿಷ್ ಮಾಧ್ಯಮಾನ ಬೇಕು." ಈ ಮಾತನ್ನು ನಂಬಿ ಒಂದನೆಯ ಇಯತ್ತೆಯಲ್ಲಿಯೇ ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸುವವರು ವರ್ಷದಿಂದ ವರ್ಷಕ್ಕೆ ಇದ್ದೇ ಇದ್ದಾರೆ. ಈ ಮಾತು ಸುಳ್ಳೆಂಬುದನ್ನು ಭಾವಾವೇಶದಿಂದಲ್ಲ, ಒಂದು ಕಿಟ್ಟನ್ನು ಎದುರಿಗಿಟ್ಟುಕೊಂಡೇ ತೋರಿಸಬಯಸುತ್ತೇನೆ.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕದ ಹೆಸರನ್ನು ನಿಮ್ಮ ಮಕ್ಕಳು ಕೇಳಿರಬಹುದು. ಒಂದೇ ಹಲಗೆಯ ಮೇಲೆ ಇಡೀ ಗಣಕ. ಅದರೊಡನೆ ತಂತಿ, ಎಲ್‌ಇಡಿ, ರೆಸಿಸ್ಟರ್, ಪ್ಲಾಸ್ಟಿಕ್ ಕವಚ, ಸ್ಕ್ರೂಗಳಿರುವ ಕಿಟ್ಟು ಬರುತ್ತದೆ. ಬಿಡಿಭಾಗಗಳನ್ನು ಹೊರತೆಗೆದು ಮೇಜಿನ ಮೇಲೆ ಹರಡುವುದು ಸುಲಭ. ವಿದ್ಯೆ ಇರುವುದು ಕೊನೆಯ ಜೋಡಣೆಯಲ್ಲಿ. ಹಲಗೆಯನ್ನು ಕವಚದಲ್ಲಿ ಕೂರಿಸುವ ಮೊದಲು ಮೆಮೊರಿ ಕಾರ್ಡನ್ನು ತೆಗೆದಿಡಬೇಕು. ಇಲ್ಲದಿದ್ದರೆ ಹೊರಚಾಚಿದ ಅಂಚು ಕವಚಕ್ಕೆ ತಾಗಿ ಮುರಿದೀತು. ಎಲ್‌ಇಡಿಯ ಉದ್ದನೆಯ ಕಾಲು ಧನ ತುದಿಗೆ ಸೇರಬೇಕು. ಅದರ ದಾರಿಯಲ್ಲಿ ಕಿತ್ತಳೆ, ಕಿತ್ತಳೆ, ಕಂದು ಪಟ್ಟಿಗಳ 330 ಓಮ್ ರೆಸಿಸ್ಟರ್ ಇರಲೇಬೇಕು. ಹಲಗೆಯ 40 ಪಿನ್ನುಗಳಲ್ಲಿ ಸಂಕೇತದ ಪಿನ್ನುಗಳು 3.3 ವೋಲ್ಟಿನವು. ಅವುಗಳಿಗೆ 5 ವೋಲ್ಟ್ ತಾಗಿಸಿದರೆ ಹಲಗೆಯೇ ಕೆಡಬಹುದು. ಎಲ್ಲವನ್ನೂ ಮತ್ತೊಮ್ಮೆ ನೋಡಿದ ಮೇಲೆಯೇ, ಕಟ್ಟಕಡೆಗೆ, ವಿದ್ಯುತ್ತಿನ ವಯರು.

ಈಗ ನಾನು ಕೇಳುವ ಪ್ರಶ್ನೆ ಇಷ್ಟೇ. ಮೇಲಿನ ಪ್ರತಿಯೊಂದು ಹೆಜ್ಜೆಗೂ ಒಂದು "ಏಕೆ" ಇದೆ. ಹನ್ನೊಂದು ವರ್ಷದ ಮಗು ಆ "ಏಕೆ"ಯನ್ನು ಯಾವ ಭಾಷೆಯಲ್ಲಿ ಕೇಳುತ್ತದೆ? ಚಿತ್ರ ನೋಡಿ ತಂತಿ ಸಿಕ್ಕಿಸಲು ಯಾವ ಮಾಧ್ಯಮವೂ ಬೇಕಿಲ್ಲ. ಆದರೆ ದೀಪ ಹತ್ತದಿದ್ದಾಗ ತಪ್ಪನ್ನು ಹುಡುಕಲು ತರ್ಕ ಬೇಕು, ತರ್ಕಕ್ಕೆ ಭಾಷೆ ಬೇಕು. ಅರೆಬರೆ ತಿಳಿದ ಇಂಗ್ಲಿಷಿನಲ್ಲಿ ಕಲಿತ ಮಗು ಸೂಚನೆಯನ್ನು ಪಾಲಿಸುತ್ತದೆ. ತನ್ನ ಮಾತಿನಲ್ಲಿ ಕಲಿತ ಮಗು ಸೂಚನೆಯನ್ನು ಪ್ರಶ್ನಿಸುತ್ತದೆ.

"ಪಾರಿಭಾಷಿಕ ಪದಗಳೆಲ್ಲ ಇಂಗ್ಲಿಷೇ ಅಲ್ಲವೆ?" ಎನ್ನುವಿರಿ. ಇರಲಿ. ರೆಸಿಸ್ಟರನ್ನು ರೆಸಿಸ್ಟರೆಂದೇ ಕರೆಯೋಣ. ಹೆಸರು ಎರವಲಾದರೆ ಅರ್ಥವೂ ಎರವಲಾಗಬೇಕಿಲ್ಲ. 1918ರಲ್ಲಿಯೇ ಭೌತಶಾಸ್ತ್ರದ ಪ್ರಾಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು "ವಿಜ್ಞಾನ" ಪತ್ರಿಕೆಯನ್ನು ಕನ್ನಡದಲ್ಲಿ ನಡೆಸಿ ತೋರಿಸಿದರು. ಇಂದಂತೂ ದಾರಿ ಇನ್ನೂ ಸುಗಮ. ಪೈಥಾನ್ ಭಾಷೆಯ 3ನೆಯ ಆವೃತ್ತಿಯಲ್ಲಿ ಮಗು ತನ್ನ ಚರಾಂಶಕ್ಕೆ "ದೀಪ" ಎಂದು ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು, ಗಣಕ ತಕರಾರು ಮಾಡುವುದಿಲ್ಲ. ತಕರಾರು ಇರುವುದು ನಮ್ಮ ತಲೆಯಲ್ಲಿ.

ಈ ಹಲಗೆಗಳು ಬಹುಪಾಲು ತಯಾರಾಗುವುದು ಎಲ್ಲಿ ಗೊತ್ತೆ? ವೇಲ್ಸ್ ನಾಡಿನ ಪೆನ್‌ಕೋಯ್ಡ್ ಎಂಬ ಊರಿನಲ್ಲಿ. ಇಂಗ್ಲಿಷಿನ ತವರಿನ ಮಗ್ಗುಲಲ್ಲಿಯೇ ಇರುವ ಆ ನಾಡಿನಲ್ಲಿ ವೆಲ್ಶ್ ನುಡಿಯುವವರು ಅಲ್ಪಸಂಖ್ಯಾತರು. 1939ರಲ್ಲಿ ಅಬರಿಸ್ಟ್‌ವಿತ್‌ನಲ್ಲಿ 7 ಮಕ್ಕಳೊಡನೆ ವೆಲ್ಶ್ ಮಾಧ್ಯಮದ ಮೊದಲ ಪ್ರಾಥಮಿಕ ಶಾಲೆ ತೆರೆಯಿತು. ಇಂದು ಅಲ್ಲಿ ಗಣಿತ, ವಿಜ್ಞಾನಗಳನ್ನೂ ವೆಲ್ಶ್‌ನಲ್ಲಿ ಕಲಿಸುವ ಶಾಲೆಗಳು ನಡೆಯುತ್ತಿವೆ. ಆ ಮಕ್ಕಳು ಇಂಗ್ಲಿಷನ್ನೂ ಬಲ್ಲರು. ನಮ್ಮ ಮಕ್ಕಳೂ ಮರಾಠಿ, ಇಂಗ್ಲಿಷುಗಳನ್ನು ಚೆನ್ನಾಗಿ ಕಲಿಯಲಿ, ಬೇಡವೆಂದವರಾರು? ನೆಲಗಟ್ಟು ಮಾತ್ರ ತಾಯ್ನುಡಿಯದಾಗಿರಲಿ.

ಅಷ್ಟು ದೂರವೇಕೆ, ಮಿರಜಿನಲ್ಲಿಯೇ ನೋಡಿರಿ. ನಮ್ಮೂರಿನ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಕುಂಬಳ, ಕಟ್ಟಿಗೆ, ತಂತಿ ಎಲ್ಲವೂ ಕೂಡಿದ ಮೇಲೆಯೂ ವಾದ್ಯ ಹಾಡುವುದಿಲ್ಲ. ಕುದುರೆಯ ಮೇಲ್ಮೈಯನ್ನು ಉಜ್ಜಿ, ಜವಾರಿ ತೆಗೆದು, ದಾರದ ಎಳೆಯನ್ನು ಕೂದಲೆಳೆಯಷ್ಟು ಸರಿಸಿದಾಗ ಮಾತ್ರ ನಾದ ಹೊಮ್ಮುತ್ತದೆ. ಆ ಕೊನೆಯ ಸೂಕ್ಷ್ಮವನ್ನು ಕುಶಲಕರ್ಮಿಗಳು ಮಕ್ಕಳಿಗೆ ದಾಟಿಸಿದ್ದು ಮನೆಯ ಮಾತಿನಲ್ಲಿ, ಯಾವ ಕಾನ್ವೆಂಟಿನಲ್ಲಿಯೂ ಅಲ್ಲ.

ಇನ್ನು ನಮ್ಮವರಿಗೂ ಎರಡು ಕಟುನುಡಿ. ನವೆಂಬರ 1ರಂದು ಧ್ವಜ ಹಾರಿಸಿ, ಹಾರ ತುರಾಯಿ ಸ್ವೀಕರಿಸಿ, ಉಳಿದ ದಿನಗಳಲ್ಲಿ ಪ್ರಯೋಗಶಾಲೆಗೆ ಬೀಗ ಹಾಕುವ ಕನ್ನಡಾಭಿಮಾನ ಯಾರಿಗೆ ಬೇಕು? ಹೆಸರು ಹೇಳಲಾರೆ, ನಾನು ಭೆಟ್ಟಿಯಿತ್ತ ಒಂದು ಶಾಲೆಯಲ್ಲಿ ದಾನಿಗಳು ಕೊಟ್ಟ ಕಿಟ್ಟು "ಹುಡುಗರು ಕೆಡಸ್ತಾರ" ಎಂಬ ಒಂದೇ ಕಾರಣಕ್ಕೆ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಕಿಟ್ಟು ಇರುವುದೇ ಬಿಚ್ಚಿ ಜೋಡಿಸುವುದಕ್ಕೆ. ಧೂಳು ತಿನ್ನುವ ಕಿಟ್ಟಿಗಿಂತ ಮಕ್ಕಳ ಕೈಯಲ್ಲಿ ಕೆಟ್ಟ ಕಿಟ್ಟೇ ಮೇಲು. ಪಾಲಕರು ಶಾಲೆ ಬಿಡಿಸುತ್ತಾರೆಂದು ಹಲುಬುವ ಮೊದಲು ಅವರು ಉಳಿಯಲು ನಾವೇನು ಕೊಟ್ಟೆವೆಂದು ಕೇಳಿಕೊಳ್ಳೋಣ.

ಸಂವಿಧಾನದ 350-ಎ ವಿಧಿ 1956ರಲ್ಲಿ ಸೇರಿದ್ದು ನಮ್ಮಂಥವರಿಗಾಗಿ. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಅದು ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಜಿಲ್ಲಾ ಪರಿಷತ್ ಶಾಲೆಗಳ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ. ಅಲ್ಲಿ ಬರಿಯ ಸಹಿ ಹಾಕಿ ಚಹಾ ಕುಡಿದು ಬರಬೇಡಿರಿ. ಕಿಟ್ಟು ಇದೆಯೇ, ಯಾವಾಗ ತೆರೆಯುತ್ತೀರಿ ಎಂದು ಕೇಳಿರಿ. ಜೋಡಣೆಯ ಸೂಚನೆಗಳನ್ನು ಕನ್ನಡದಲ್ಲಿ ಬರೆಯಿಸಿರಿ. ನಿವೃತ್ತರಾದ ನಾವು ಕೆಲವರು ಆ ಕೆಲಸಕ್ಕೆ ಸಂಬಳವಿಲ್ಲದೆ ಸಿದ್ಧರಿದ್ದೇವೆ. ಮಗು ದೀಪ ಹತ್ತಿಸಿದ ಮೇಲೆ ಅದು ಏಕೆ ಹತ್ತಿತೆಂಬುದನ್ನು ಕನ್ನಡದಲ್ಲಿ ಹೇಳಿಸಿ ಕೇಳಿರಿ. ಹೇಳಿದರೆ ಶಾಲೆ ಗೆದ್ದಿತು. ಹೇಳದಿದ್ದರೆ ಶಾಲೆಯನ್ನು ತಿದ್ದಿರಿ, ಭಾಷೆಯನ್ನು ಬಿಡಬೇಡಿರಿ.

ಇತಿ ನಿಮ್ಮವ,
ನಿವೃತ್ತ ಮುಖ್ಯಾಧ್ಯಾಪಕ, ಮಿರಜ